ಐತಿಹಾಸಿಕ ಕಾದಂಬರಿಗಳೂ ನಮ್ಮ ಸೀಮೆಯ ಹೆಣ್ಣುಮಕ್ಕಳೂ

ಕಾದಂಬರಿ ಓದುವ ಹೆಣ್ಣುಮಕ್ಕಳು ಕೆಡುವರೆಂಬ ಮಾತು ನಮ್ಮ ಅಜ್ಜಿಯರ ಕಾಲದಲ್ಲಿ ಬಹು ಬಲವಾಗಿದ್ದಿತು. ಕಥೆಯ ಪುಸ್ತಕವನ್ನು ಹಿಡಿದ ಬಾಲಿಕೆಯು ಅದನ್ನು ಅಡಿಗೆಯ ಮನೆಯ ಮೂಲೆಯಲ್ಲಿಯೋ ಹಿತ್ತಲ ಜಗಲಿಯಲ್ಲಿಯೋ ಮರೆಮಾಡಿಕೊಂಡು ಓದಬೇಕಾಗುತ್ತಿದ್ದಿತು. ಈಗ ಆ ಕಾಲವು ಕಳೆಯಿತು. ಮಗಳ ಕೈಯಲ್ಲಿ ಪುಸ್ತಕವಿದ್ದುದನ್ನು ಕಂಡರೆ, ಫೋನು ಇಲ್ಲವಲ್ಲಾ ಎಂದು ಈಗಿನ ತಾಯಿತಂದೆಗಳು ಸಂತೋಷಪಡುವರು. ಆದರೂ ಹಳೆಯ ಶಂಕೆಯ ಒಂದು ಚೂರು ಇನ್ನೂ ಉಳಿದುಕೊಂಡಿದೆ. ಸಾಮಾಜಿಕ ಕಾದಂಬರಿಯು ಕಾಲಹರಣಕ್ಕೆ ಮಾತ್ರವೇ ಆದುದು, ಐತಿಹಾಸಿಕ ಕಾದಂಬರಿಯಾದರೋ ಚರಿತ್ರೆಯನ್ನು ಕಲಿಸುವುದರಿಂದ ಓದತಕ್ಕದ್ದು, ಎಂದು ಪೋಷಕರು ಭೇದವನ್ನೆಣಿಸುವರು. ಕಷಾಯಕ್ಕೆ ಬೆಲ್ಲ ಬೆರೆಸಿ ಕುಡಿಸುವಂತೆ, ಇಸವಿಗಳನ್ನೂ ಯುದ್ಧಗಳನ್ನೂ ಕಥೆಯಲ್ಲಿ ಕಲಸಿ ಮಕ್ಕಳಿಗೆ ಕೊಡಬಹುದೆಂಬುದು ಅವರ ನಂಬಿಕೆ.

ಈ ನಂಬಿಕೆಯು ನಮಗೆ ಒಪ್ಪಿಗೆಯಾಗದು. ಐತಿಹಾಸಿಕ ಕಾದಂಬರಿಗಳನ್ನು ನಾವು ಬಾಲ್ಯದಿಂದಲೂ ಅತ್ಯಂತ ಪ್ರೀತಿಯಿಂದ ಓದುತ್ತ ಬಂದಿರುವೆವು. ಇನ್ನು ಮುಂದೆಯೂ ಓದುವೆವು. ಆದರೆ ಚರಿತ್ರೆಯ ಪಾಠಕ್ಕಾಗಿ ಅವುಗಳನ್ನು ಓದಿದವರು ಎರಡು ಕಡೆಯಲ್ಲಿಯೂ ನಷ್ಟವನ್ನು ಹೊಂದುವರು. ಅವರಿಗೆ ಚರಿತ್ರೆಯೂ ಸರಿಯಾಗಿ ದೊರೆಯದು, ಕಾದಂಬರಿಯ ರಸವೂ ದೊರೆಯದು. ಹಾಗಾದರೆ ಅವುಗಳನ್ನು ಹೇಗೆ ಓದಬೇಕು, ಅದರಲ್ಲಿಯೂ ಕೊಳ್ಳೇಗಾಲ, ಹನೂರು, ಯಳಂದೂರುಗಳ ಹೆಣ್ಣುಮಕ್ಕಳು ಹೇಗೆ ಓದಬೇಕು, ಎಂಬ ವಿಷಯದಲ್ಲಿ ನಮಗೆ ತೋರಿದುದನ್ನು ಈ ಸಂಚಿಕೆಯ ವಾಚಕಿಯರ ಮುಂದಿಡುವೆವು.

ಕನ್ನಡದಲ್ಲಿ ಈ ಬಗೆಯ ಕಾದಂಬರಿಯು ಹೊರಗಿನಿಂದ ಬಂದ ಅತಿಥಿ. ಬಿ. ವೆಂಕಟಾಚಾರ್ಯರು ವಂಗಭಾಷೆಯಿಂದ ಬಂಕಿಮಚಂದ್ರರ ಕೃತಿಗಳನ್ನು ತಂದರು. ಧಾರವಾಡ ಪ್ರಾಂತದ ಕಡೆ ಗಳಗನಾಥರು ಮರಾಠಿಯಿಂದ ಹರಿ ನಾರಾಯಣ ಆಪಟೆಯವರನ್ನು ತಂದುದಲ್ಲದೆ, ವಿಜಯನಗರದ ಸ್ಥಾಪನೆಯನ್ನು ಕುರಿತು ‘ಮಾಧವ ಕರುಣಾ ವಿಲಾಸ’ವೆಂಬ ತಮ್ಮದೇ ಆದ ಗ್ರಂಥವನ್ನು ರಚಿಸಿದರು. ಓದುಗರು ಎಲ್ಲಿದ್ದರೋ ಅಲ್ಲಿಗೆ ತಾವೇ ಪುಸ್ತಕದ ಹೊರೆಯನ್ನು ಹೊತ್ತುಕೊಂಡು ಹೋಗಿ ಮಾರಿದರೆಂದು ಅವರ ವಿಷಯದಲ್ಲಿ ಹೇಳುವರು. ನಮ್ಮ ನೆರೆಯ ನಂಜನಗೂಡಿನಲ್ಲಿ ಬಾಲವಿಧವೆಯಾಗಿದ್ದ ತಿರುಮಲಾಂಬ ಎಂಬ ಮಹನೀಯಳು 1913ರಲ್ಲಿ ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಪ್ರಾರಂಭಿಸಿ, ತಾನೇ ಬರೆದು ತಾನೇ ಪ್ರಕಟಿಸಿದಳು. ಹೆಂಗಸು ಬರೆಯುವುದಿರಲಿ, ಓದುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಇವರೆಲ್ಲರೂ ಓದುಗರನ್ನು ಹುಟ್ಟಿಸಿದರು. ಈ ಉಪಕಾರವು ಸಣ್ಣದಲ್ಲ.

ಇನ್ನು ಈ ಸಾಹಿತ್ಯಪ್ರಕಾರಕ್ಕೆ ಮೂಲಪುರುಷನಾದ ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟನಿಗೂ ನಮ್ಮ ಮೈಸೂರು ಸೀಮೆಗೂ ಒಂದು ನಂಟುಂಟೆಂಬುದು ಅನೇಕರಿಗೆ ತಿಳಿಯದು. 1827ರಲ್ಲಿ ಪ್ರಕಟವಾದ ಅವನ ‘ವೈದ್ಯನ ಮಗಳು’ ಎಂಬ ಕಥೆಯು ಸ್ಕಾಟ್ಲೆಂಡಿನ ಹಳ್ಳಿಯೊಂದರಲ್ಲಿ ಪ್ರಾರಂಭವಾಗಿ ಹೈದರಾಲಿಯ ರಾಜ್ಯದಲ್ಲಿ ಮುಕ್ತಾಯವಾಗುವುದು. ಹೈದರನು ಫಕೀರನ ವೇಷದಿಂದ ಬಂದು ನ್ಯಾಯವನ್ನು ನಡೆಸುವನು. ದ್ರೋಹಿಯು ಆನೆಯ ಕಾಲ್ತುಳಿತಕ್ಕೆ ಸಿಕ್ಕುವನು. ಸ್ಕಾಟನು ಇಂಡಿಯಾ ದೇಶವನ್ನು ಒಂದು ದಿನವೂ ಕಂಡವನಲ್ಲ. ಪುಸ್ತಕಗಳನ್ನೋದಿ, ಬಲ್ಲವರನ್ನು ಕೇಳಿ, ಉಳಿದುದನ್ನು ಕಲ್ಪಿಸಿಕೊಂಡನು. ಅದನ್ನು ಓದುವಾಗ ನಮಗೆ ನಗೆಯೂ ಬರುವುದು, ಒಂದು ಬಗೆಯ ಸಂಕೋಚವೂ ಆಗುವುದು. ನಮ್ಮ ಕಾದಂಬರಿಕಾರರು ತಲಕಾಡಿನ ಗಂಗರನ್ನೋ ಹಂಪೆಯ ರಾಯರನ್ನೋ ವರ್ಣಿಸುವಾಗ ಅವರಿಗೂ ಆ ಕಾಲವು ಸ್ಕಾಟನಿಗೆ ಮೈಸೂರಿದ್ದಷ್ಟೇ ದೂರವಲ್ಲವೆ?

ತಲಕಾಡಿನ ಮಾತು ಬಂದುದರಿಂದ ಅದನ್ನೇ ಸ್ವಲ್ಪ ವಿಸ್ತಾರವಾಗಿ ನೋಡೋಣ. ಏಕೆಂದರೆ ಅದು ನಮ್ಮ ಕಾವೇರಿಯ ಆಚೆಯ ದಡದಲ್ಲಿಯೇ ಇದೆ. ಸುಮಾರು 1004ರಲ್ಲಿ ಚೋಳರು ತಲಕಾಡನ್ನು ಹಿಡಿದು, ಗಂಗರ ರಾಜ್ಯವನ್ನು ಕೊನೆಗಾಣಿಸಿ, ಆ ಊರಿಗೆ ರಾಜರಾಜಪುರವೆಂದು ಹೆಸರಿಟ್ಟರು. ನೂರು ವರ್ಷಗಳ ಮೇಲೆ, 1116ರಲ್ಲಿ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚೋಳರ ಸಾಮಂತನಾದ ಅದಿಯಮನನ್ನು ಸೋಲಿಸಿ ಅದನ್ನು ತೆಗೆದುಕೊಂಡನು. ವಿಷ್ಣುವರ್ಧನನು ‘ತಲಕಾಡುಗೊಂಡ’ನೆಂಬ ಬಿರುದನ್ನು ಧರಿಸಿ, ಅಲ್ಲಿ ಕೀರ್ತಿನಾರಾಯಣನ ದೇವಾಲಯವನ್ನು ಕಟ್ಟಿಸಿದನು. ಕನ್ನಡಿಗರಾದ ನಾವು ಶಾಂತಲೆಯ ಕಥೆಯನ್ನು ಕೆ.ವಿ. ಅಯ್ಯರ್ ಅವರಲ್ಲಿಯೋ ಸಿ.ಕೆ. ನಾಗರಾಜರಾಯರಲ್ಲಿಯೋ ಓದುವಾಗ ಈ ಜಯವು ಬಿಡುಗಡೆಯಂತೆ ತೋರುವುದು; ಚೋಳರು ಪರರು, ಹೊಯ್ಸಳರು ನಮ್ಮವರು.

ಆದರೆ ಕೊಳ್ಳೇಗಾಲದವರಿಗೆ ಇನ್ನೊಂದು ಓದಿನ ದಾರಿಯೂ ತೆರೆದಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೊಳ್ಳೇಗಾಲದ ಸೀಮೆಯು ಕುಂಪಣಿಯ ಪಾಲಿಗೆ ಹೋಗಿ, ಮದ್ರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ನೆಯ ನವಂಬರು 1ರವರೆಗೂ ಅಲ್ಲಿಯೇ ಇದ್ದಿತು. ಕಚೇರಿಯ ಕೆಲಸಕ್ಕೂ ವ್ಯಾಪಾರಕ್ಕೂ ತಮಿಳು ಬೇಕಾಗಿದ್ದುದರಿಂದ, ಆ ಭಾಷೆಯನ್ನು ಓದಬಲ್ಲ ಹಿರಿಯರು ಈ ಊರಿನಲ್ಲಿದ್ದರು. 1950ರಿಂದ 1954ರವರೆಗೆ ‘ಕಲ್ಕಿ’ ಪತ್ರಿಕೆಯಲ್ಲಿ ವಾರವಾರವೂ ಬಂದ ‘ಪೊನ್ನಿಯಿನ್ ಸೆಲ್ವನ್’ ಎಂಬ ಕಾದಂಬರಿಯನ್ನು ತಮಿಳು ಬಲ್ಲವರು ಹೇಗೆ ಕಾದು ಓದಿದರೆಂಬುದು ಪ್ರಸಿದ್ಧವಾಗಿಯೇ ಇದೆ. ಪೊನ್ನಿಯೆಂದರೆ ನಮ್ಮ ಕಾವೇರಿಯೇ. ಆ ಕಾದಂಬರಿಯ ಸುಕುಮಾರನೂ ದಯಾಳುವೂ ಆದ ರಾಜಪುತ್ರ ಅರುಳ್‌ಮೊಳಿಯು ಯಾರು? ಮುಂದೆ ಪಟ್ಟವೇರಿ ರಾಜರಾಜನೆನಿಸಿಕೊಂಡವನು. ಯಾರ ಸೈನ್ಯವು ತಲಕಾಡನ್ನು ಹಿಡಿಯಿತೋ ಆ ಚೋಳನು! ಒಂದೇ ಹೊಳೆಯ ನೀರನ್ನು ಕುಡಿದು, ಒಂದು ಪುಸ್ತಕದಲ್ಲಿ ಅವನಿಗಾಗಿ ಕಣ್ಣೀರು ಸುರಿಸುವೆವು. ಇನ್ನೊಂದರಲ್ಲಿ ಅವನ ವಂಶದವರನ್ನು ಓಡಿಸಿದರೆಂದು ಹಿಗ್ಗುವೆವು.

ಇದನ್ನು ಕಂಡು ಕೆಲವರು, ಕಾದಂಬರಿಕಾರರೆಲ್ಲರೂ ಸುಳ್ಳುಗಾರರೆಂದು ಹೇಳಬಹುದು. ನಾವು ಹಾಗೆ ಹೇಳೆವು. ಕಾದಂಬರಿಯು ಒಂದು ಮನೆಯ ಕಿಟಕಿಯಲ್ಲಿ ನಿಂತು ಬೀದಿಯನ್ನು ನೋಡುವುದು. ಎದುರು ಮನೆಯವರಿಗೆ ಬೀದಿಯ ಇನ್ನೊಂದು ಮಗ್ಗುಲು ಕಾಣುವುದು. ಒಂದು ಕಿಟಕಿಯಲ್ಲಿಯೇ ಜನ್ಮವೆಲ್ಲ ಕುಳಿತವಳಿಗೆ ಅದೇ ಪ್ರಪಂಚವೆಂಬ ಭ್ರಾಂತಿಯುಂಟಾಗುವುದು ಸಹಜ. ಆದುದರಿಂದ ಪೋಷಕರಲ್ಲಿ ನಮ್ಮ ಮೊದಲನೆಯ ಪ್ರಾರ್ಥನೆಯೇನೆಂದರೆ, ಮಗಳಿಗೆ ಒಂದು ಐತಿಹಾಸಿಕ ಕಾದಂಬರಿಯನ್ನು ತಂದುಕೊಡುವಾಗ ಎದುರು ಪಕ್ಷದಲ್ಲಿ ನಿಂತು ಬರೆದ ಎರಡನೆಯದನ್ನೂ ತಂದುಕೊಡಬೇಕು. ಬೇರೆ ಭಾಷೆಯದಾದರೆ ಅನುವಾದವು ದೊರೆಯುವುದು. ಒಂದೇ ಪುಸ್ತಕವನ್ನು ಓದಿದ ಮಗುವು ಯಾವುದೋ ಜಾತಿಯನ್ನೋ ಮತವನ್ನೋ ಭಾಷೆಯನ್ನೋ ಶತ್ರುವೆಂದು ಎಣಿಸಿಕೊಂಡು ಶಾಲೆಗೆ ಬರುವುದುಂಟು. ಅದೇ ಬೆಂಚಿನಲ್ಲಿ ಆ ಜಾತಿಯ, ಆ ಮತದ, ಆ ಭಾಷೆಯ ಗೆಳತಿಯು ಕುಳಿತಿರುವಳು. ಸತ್ತ ಅರಸರ ಜಗಳವನ್ನು ಈ ಇಬ್ಬರು ಮಕ್ಕಳು ಏಕೆ ಹೊರಬೇಕು?

ಇಲ್ಲಿ ಒಂದು ಲಘುವಾದ ಮಾತನ್ನು ಹೇಳಿಬಿಡುವೆವು. ಕಾದಂಬರಿಕಾರರು ಯುದ್ಧದ ಇಸವಿಗಳನ್ನು ಸರಿಯಾಗಿ ಶೋಧಿಸಿಟ್ಟು ಅಡಿಗೆಯ ಮನೆಯಲ್ಲಿ ಜಾರಿಬೀಳುವರು. ಮೆಣಸಿನಕಾಯಿಯೂ ಆಲೂಗಡ್ಡೆಯೂ ಟೊಮೆಟೊವೂ ಕಡಲೆಕಾಯಿಯೂ ಅಮೆರಿಕಾ ಖಂಡದಿಂದ ಪೋರ್ಚುಗೀಸರೇ ಮೊದಲಾದವರ ಹಡಗುಗಳಲ್ಲಿ ಬಂದುವು. 1498ಕ್ಕೆ ಹಿಂದೆ ಈ ದೇಶದ ಯಾವ ಅರಮನೆಯಲ್ಲಿಯೂ ಅವು ಇರಲಿಲ್ಲ. ಹೊಯ್ಸಳರ ಬಾಣಸಿಗನು ಸಾರಿಗೆ ಖಾರ ಬೇಕಾದರೆ ಕರಿಯ ಮೆಣಸನ್ನೇ ಕುಟ್ಟಬೇಕಾಗಿತ್ತು. ಅರಸನು ಗ್ರಂಥದಂತೆ ಮಾತನಾಡುವುದು ಒತ್ತಟ್ಟಿಗಿರಲಿ, ಅವನ ಕುದುರೆಯ ಲಾಯದ ಆಳೂ ಸಮಾಸಗಳಲ್ಲಿಯೇ ಮಾತನಾಡುವುದನ್ನು ಓದಿದರೆ ನಮಗೆ ಪುಸ್ತಕವನ್ನು ಮುಚ್ಚಿಬಿಡೋಣವೆನ್ನಿಸುವುದು. ಹೆಣ್ಣುಮಕ್ಕಳು ಇಂಥ ತಪ್ಪುಗಳನ್ನು ಬೇಗನೆ ಹಿಡಿಯುವರು, ಹಿಡಿದು ನಗಲಿ.

ಈಗ ಮುಖ್ಯ ವಿಷಯಕ್ಕೆ ಬರುವೆವು. ಕೊಳ್ಳೇಗಾಲದಿಂದ ಸ್ವಲ್ಪ ದೂರದಲ್ಲಿರುವ ಶಿವನಸಮುದ್ರವನ್ನು ನೋಡದವರು ನಮ್ಮಲ್ಲಿ ಇರಲಾರರು. ಗಗನಚುಕ್ಕಿ ಭರಚುಕ್ಕಿಗಳ ಜಲಪಾತವನ್ನೂ, 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹೋದುದನ್ನೂ ಎಲ್ಲರೂ ಬಲ್ಲರು. ಆ ದ್ವೀಪದಲ್ಲಿ ಆಳಿದ ಗಂಗರಾಜನ ಕಥೆಯನ್ನು ಬಲ್ಲವರು ಕಡಮೆ. ಟಿಪ್ಪುವಿನ ಮರಣಾನಂತರ 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು ಜನರಿಂದ ಕೇಳಿ ಅದನ್ನು ಬರೆದಿಟ್ಟಿರುವನು. ಗಂಗರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಸತ್ತೇಗಾಲದ ಹತ್ತಿರದ ಕಿಲಿಮಲೆಯ ಪಾಳೆಯಗಾರನಿಗೂ, ಇನ್ನೊಬ್ಬಳನ್ನು ಮದ್ದೂರಿನ ಬಳಿಯ ನಗರಕೆರೆಯ ಬುಕ್ಕರಾಜನಿಗೂ ಕೊಟ್ಟನು. ತವರಿನ ವೈಭವವು ಗಂಡನ ಮನೆಯಲ್ಲಿಲ್ಲವೆಂದು ಆ ಹೆಣ್ಣುಮಕ್ಕಳು ದಿನವೂ ಹಂಗಿಸುತ್ತಿದ್ದರಂತೆ. ಅಳಿಯಂದಿರಿಬ್ಬರೂ ಕೂಡಿ, ಇವರ ಗರ್ವವನ್ನು ಮುರಿಯುವುದಕ್ಕಾಗಿ, ಮಾವನ ದ್ವೀಪಕ್ಕೆ ಮುತ್ತಿಗೆ ಹಾಕಿದರು. ಹನ್ನೆರಡು ವರ್ಷ ಮುತ್ತಿದರೂ ಹೊಳೆಯನ್ನು ದಾಟಲಾಗಲಿಲ್ಲ. ಕೊನೆಗೆ ದಳವಾಯಿಗೆ ಲಂಚವನ್ನಿತ್ತರು. ಅವನು ಹಾಯ್ಗಡವಿನ ಕಾವಲನ್ನು ತೆಗೆಯಿಸಿ, ರಾಜನನ್ನು ಚದುರಂಗದಾಟಕ್ಕೆ ಕೂರಿಸಿಕೊಂಡನು. ಕೂಗು ಕೇಳಿಸಿದಾಗ, ಅದು ಹುಡುಗರ ಆಟದ ಗದ್ದಲವೆಂದನು. ರಾಜನು ಮೋಸವನ್ನರಿತು, ಅಂತಃಪುರದ ಹೆಂಗಸರನ್ನೂ ಮಕ್ಕಳನ್ನೂ ತನ್ನ ಕತ್ತಿಯಿಂದಲೇ ಕೊಂದು, ಶತ್ರುಗಳ ನಡುವೆ ನುಗ್ಗಿ ಸತ್ತನು. ಇದನ್ನು ಕಂಡ ಅಳಿಯಂದಿರು ದಿಗ್ಭ್ರಾಂತರಾಗಿ, ಹೆಂಡಿರೊಡನೆ ಗಗನಚುಕ್ಕಿಯಲ್ಲಿ ಬಿದ್ದರಂತೆ.

ಹನ್ನೆರಡು ವರ್ಷದ ಮುತ್ತಿಗೆ, ದ್ರೋಹ, ಚದುರಂಗ, ಜಲಪಾತ. ಕಾದಂಬರಿಕಾರನಿಗೆ ಇನ್ನೇನು ಬೇಕು? ಕಥೆಯನ್ನು ಕೇಳಿದವರು ಹೆಂಗಸರ ಗರ್ವದಿಂದ ರಾಜ್ಯವೇ ಹಾಳಾಯಿತೆಂದು ತಲೆದೂಗುವರು. ನಾವು ಮಾತ್ರ ಕೆಲವು ಪ್ರಶ್ನೆಗಳನ್ನು ಕೇಳುವೆವು. ಸೈನ್ಯವನ್ನು ಕೂಡಿಸಿದವರು ಯಾರು? ಲಂಚವನ್ನು ಕೊಟ್ಟವರು ಯಾರು, ತೆಗೆದುಕೊಂಡವರು ಯಾರು? ಅಂತಃಪುರದ ಬಾಗಿಲಲ್ಲಿ ಕತ್ತಿ ಹಿರಿದವನು ಯಾರು? ಆ ಇಬ್ಬರು ಹೆಣ್ಣುಮಕ್ಕಳಿಗೆ ಕಥೆಯು ಹೆಸರನ್ನು ಕೂಡ ಇಟ್ಟಿಲ್ಲ. ತವರಿಗೆ ಮುತ್ತಿಗೆ ಹಾಕಿದ ಗಂಡನ ಮನೆಯಲ್ಲಿ ಹನ್ನೆರಡು ವರ್ಷ ಅವರು ಏನನ್ನು ಉಂಡರು, ಏನನ್ನು ಮಾತನಾಡಿದರು, ರಾತ್ರಿ ಹೇಗೆ ನಿದ್ರಿಸಿದರು? ಜಲಪಾತದಲ್ಲಿ ಗಂಡಂದಿರು ಹೆಂಡಿರೊಡನೆ ಬಿದ್ದರೆಂದರೆ, ಹೆಂಡಿರು ತಾವಾಗಿ ಬಿದ್ದರೋ, ಎಳೆದುಕೊಂಡು ಬೀಳಲ್ಪಟ್ಟರೋ? ಇದನ್ನೆಲ್ಲ ಕೇಳುವವಳೇ ಬರೆಯಬಲ್ಲಳು. ಈ ಕಥೆಯನ್ನು ಮುತ್ತಿಗೆಯ ಕಡೆಯಿಂದ ಬರೆದರೆ ಅದು ನೂರರಲ್ಲಿ ಒಂದಾಗುವುದು. ಕಿಲಿಮಲೆಯ ಆ ಅಡಿಗೆಯ ಮನೆಯ ಕಡೆಯಿಂದ ಬರೆದರೆ ಹೊಸದಾಗುವುದು.

ನಮ್ಮ ದೂರು ಇನ್ನೂ ಆಳವಾದುದು. ಐತಿಹ್ಯಗಳಲ್ಲಿಯೂ ಅವುಗಳನ್ನು ಆಧರಿಸಿದ ಕಾದಂಬರಿಗಳಲ್ಲಿಯೂ ಹೆಂಗಸರು ಬದುಕುವುದಕ್ಕಿಂತ ಸಾಯುವುದರಲ್ಲಿ ನಿಪುಣೆಯರು. ಶ್ರೀರಂಗಪಟ್ಟಣದ ರಾಜಪ್ರತಿನಿಧಿಯ ಪತ್ನಿಯಾದ ಅಲಮೇಲಮ್ಮನು 1610ರ ಸುಮಾರಿನಲ್ಲಿ, ರಾಜ ಒಡೆಯರ ಭಟರು ಒಡವೆಗಾಗಿ ಬೆನ್ನಟ್ಟಿದಾಗ, ಶಾಪವನ್ನಿತ್ತು ಮಾಲಂಗಿಯ ಮಡುವಿನಲ್ಲಿ ಮುಳುಗಿದಳೆನ್ನುವರು. ತಲಕಾಡಿನ ಮರಳಿಗೂ ಮೈಸೂರು ಅರಸರ ಸಂತಾನಹೀನತೆಗೂ ಆ ಶಾಪವೇ ಕಾರಣವೆಂದು ಹೇಳುವರು. ಅರಮನೆಯಲ್ಲಿ ಅವಳ ಪ್ರತಿಮೆಗೆ ಪೂಜೆಯೂ ನಡೆಯುತ್ತ ಬಂದಿದೆ. ವಿಜ್ಞಾನಿಯೂ ಐತಿಹಾಸಿಕ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯನವರು ಈ ಶಾಪದ ಐತಿಹ್ಯವನ್ನು ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿ ಲೇಖನವನ್ನೇ ಬರೆದಿರುವರು. ಶಾಪವು ನಿಜವೋ ಸುಳ್ಳೋ ಎಂಬ ಚರ್ಚೆಯು ನಡೆಯಲಿ. ಆದರೆ ಸಾಯುವ ಗಳಿಗೆಯಲ್ಲಿ ನುಡಿದ ಆ ಶಾಪದ ಹೊರತು ಅವಳ ಬಾಳಿನ ಒಂದು ಮಾತನ್ನೂ ನಾವು ಕೇಳಿರುವೆವೇ? ಹೊಯ್ಸಳರ ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟಳೆಂದು ಶಾಸನವು ಹೇಳುವುದು. ಹೇಗೆ ಎಂಬುದನ್ನು ಜನರು ಬೆಟ್ಟದ ತುದಿಯಿಂದ ಹಾರಿದಳೆಂದು ತುಂಬಿಕೊಂಡರು. ಈಗಲೂ ಅಲ್ಲಿಗೆ ಹೋದವರಿಗೆ ಆ ಬಂಡೆಯನ್ನೇ ತೋರಿಸುವರು. ಬೇಲೂರಿಗೆ ಹೋದವರಿಗೆ ಮಾತ್ರ ಅವಳ ನಾಟ್ಯದ ಮಾತು ಕೇಳಿಬರುವುದು. ಚಿತ್ರದುರ್ಗದ ಓಬವ್ವನು ಒನಕೆ ಹಿಡಿದು ಕಿಂಡಿಯ ಬಳಿ ನಿಂತ ಒಂದು ಗಳಿಗೆಯಲ್ಲಿಯೇ ಅವಳ ಜೀವಿತವೆಲ್ಲವೂ ಮುಗಿದುಹೋಗುವುದು.

ಹದಿನಾಲ್ಕು ಹದಿನೈದು ವರ್ಷದ ಬಾಲಿಕೆಯು ಇಂಥ ಕಥೆಗಳನ್ನು ಒಂದಾದಮೇಲೊಂದು ಓದಿದರೆ, ಹೆಣ್ಣಿನ ಪರಮ ಸಾಹಸವೆಂದರೆ ಚೆನ್ನಾಗಿ ಸಾಯುವುದೆಂದು ಅವಳ ಮನಸ್ಸಿನಲ್ಲಿ ಕುಳಿತುಕೊಳ್ಳುವುದು. ಇದು ಬರಿಯ ಸಾಹಿತ್ಯವಿಚಾರವಲ್ಲ. ಸಂಕಟವು ಬಂದಾಗ ಬಾವಿಯನ್ನೂ ಹೊಳೆಯನ್ನೂ ನೆನೆಯುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಇಲ್ಲದಿಲ್ಲ. ಅದನ್ನು ಬಲ್ಲ ತಾಯಂದಿರು ನಮ್ಮ ಮಾತನ್ನು ಅತಿಶಯೋಕ್ತಿಯೆನ್ನಲಾರರು. ಆದುದರಿಂದಲೇ ಬದುಕಿ ತೋರಿಸಿದ ನಾಯಕಿಯರ ಕಥೆಗಳನ್ನು ನಾವು ಹುಡುಕಿ ಹುಡುಕಿ ಓದಬೇಕು. ಕೆಳದಿಯ ಚೆನ್ನಮ್ಮಾಜಿಯು ಗಂಡನು ಸತ್ತ ಮೇಲೆ ಇಪ್ಪತ್ತೈದು ವರ್ಷದಷ್ಟು ಕಾಲ ರಾಜ್ಯವಾಳಿ, ಔರಂಗಜೇಬನ ಸೈನ್ಯವು ಬೆನ್ನಟ್ಟಿದ ಶಿವಾಜಿಯ ಮಗ ರಾಜಾರಾಮನಿಗೆ ದಾರಿಯನ್ನು ಮಾಡಿಕೊಟ್ಟಳು. ನಾಗರಾಜರಾಯರು 1978ರಲ್ಲಿ ಪ್ರಕಟಿಸಿದ ‘ಪಟ್ಟಮಹಾದೇವಿ ಶಾಂತಲದೇವಿ’ಯ ಸಂಪುಟಗಳು ಬಹು ದೊಡ್ಡವು, ನಡುನಡುವೆ ಬೇಸರ ತರುವುದೂ ಉಂಟು. ಆದರೆ ಅಲ್ಲಿನ ಶಾಂತಲೆಯು ಓದುವಳು, ವಾದಿಸುವಳು, ಮನೆಯನ್ನೂ ರಾಜ್ಯವನ್ನೂ ನಡೆಸುವಳು. ಆ ಒಂದು ಗುಣಕ್ಕಾಗಿ ನಾವು ಬೇಸರವನ್ನು ಕ್ಷಮಿಸಿದೆವು. ಇವೆಲ್ಲಕ್ಕಿಂತಲೂ ನಮಗೆ ಪ್ರಿಯಳಾದವಳು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದ ರಾಣಿ ಗೌರಮ್ಮ. 1834ರಲ್ಲಿ ರಾಜ್ಯವನ್ನು ಕಳೆದುಕೊಂಡ ಕೊಡಗಿನ ಕೊನೆಯ ಅರಸನು ಕುಡುಕ, ಕ್ರೂರಿ. ಅವನ ಪಕ್ಕದಲ್ಲಿ ಇದ್ದುಕೊಂಡೇ ಅವಳು ಒಂದು ಅನ್ಯಾಯವನ್ನಾದರೂ ತಡೆಯಲು ಪ್ರಯತ್ನಿಸುವಳು. ಒಮ್ಮೆ ಗೆಲ್ಲುವಳು, ಹತ್ತು ಸಲ ಸೋಲುವಳು, ಮಾರನೆಯ ದಿನ ಎದ್ದು ಮತ್ತೆ ಪ್ರಯತ್ನಿಸುವಳು. ಕತ್ತಿಯಿಲ್ಲ, ಶಾಪವಿಲ್ಲ. ಇಂಥ ಹೆಂಗಸರನ್ನು ನಾವು ಮನೆಮನೆಯಲ್ಲಿಯೂ ಕಂಡಿರುವೆವಷ್ಟೆ. ಆ ಅರಸನ ಮಗಳು ಲಂಡನ್ನಿಗೆ ಹೋಗಿ, 1852ರಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಕ್ರಿಸ್ತಮತವನ್ನು ಸ್ವೀಕರಿಸಿ, ಅಲ್ಲಿಯೇ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ವೃತ್ತಾಂತವು ಇನ್ನೊಂದು ಕಾದಂಬರಿಗೆ ಸಾಕಾಗುವಷ್ಟಿದೆ. ಅದನ್ನು ಬರೆಯುವವರು ಮತಾಂತರವನ್ನು ಜಯವೆಂದಾಗಲಿ ನಷ್ಟವೆಂದಾಗಲಿ ಅವಸರದಿಂದ ತೀರ್ಮಾನಿಸದೆ, ಹನ್ನೊಂದು ವರ್ಷದ ಆ ಹುಡುಗಿಯು ಏನನ್ನು ಬಯಸಿದಳೆಂದು ಮೊದಲು ಕೇಳಬೇಕು.

ಯಳಂದೂರಿನವರಾದರೋ ದೂರ ಹೋಗಬೇಕಾಗಿಲ್ಲ. ಗೌರೀಶ್ವರನ ಗುಡಿಯ ಬಳೆಮಂಟಪದಲ್ಲಿ ಕಲ್ಲನ್ನು ಬಳೆಯಂತೆ ಕಡೆದ ಶಿಲ್ಪವನ್ನು ನೋಡಲು ಜನರು ಬರುವರು. ಅದೇ ಊರಿನಲ್ಲಿ ಮಠಾಧಿಪತಿಯಾಗಿದ್ದ ಷಡಕ್ಷರದೇವನು 1655ರಲ್ಲಿ ‘ರಾಜಶೇಖರ ವಿಳಾಸ’ವೆಂಬ ಪ್ರೌಢಕಾವ್ಯವನ್ನು ರಚಿಸಿದನು. ಅದೇ ಊರಿನ ವಿಶಾಲಾಕ್ಷ ಪಂಡಿತನು ಚಿಕದೇವರಾಜ ಒಡೆಯರಿಗೆ ಬಾಲ್ಯದ ಒಡನಾಡಿಯೂ ಮುಂದೆ ಮಂತ್ರಿಯೂ ಆಗಿ, ಕೊನೆಗೆ ಕೊಲೆಗೆ ಈಡಾದನು. ಮತ್ತು ಅದೇ ಊರಿನಿಂದ ಒಬ್ಬ ಹುಡುಗಿಯು, ರಾಣಿ ದೇವಾಜಮ್ಮಣ್ಣಿಯ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದವಳಾಗಿ ಅರಮನೆಗೆ ಹೋದಳು. ಊಳಿಗದ ನಡುವೆ ಅಕ್ಷರ ಕಲಿತಳು. ಸಿಂಗರಾರ್ಯನಲ್ಲಿ ಕಾವ್ಯಶಿಕ್ಷಣವನ್ನು ಹೊಂದಿದಳು. ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆದಳು. ಇವಳೇ ಸಂಚಿಯ ಹೊನ್ನಮ್ಮ.

ಪತಿಭಕ್ತಿಯನ್ನೇ ಬೋಧಿಸುವ ಆ ಗ್ರಂಥವನ್ನು ಈಗಿನ ತರುಣಿಯರು ಮೂಗು ಮುರಿದು ಬದಿಗಿಡುವರು. ಅದು ಅಷ್ಟು ಸುಲಭವಾಗಿ ಬದಿಗಿಡತಕ್ಕದ್ದಲ್ಲವೆಂದು ನಮ್ಮ ಎಣಿಕೆ. ಹೆಣ್ಣು ಹುಟ್ಟಿತೆಂದು ಮುಖ ಸಪ್ಪಗೆ ಮಾಡಿಕೊಳ್ಳುವ ಲೋಕವನ್ನು ಅವಳು ಅದೇ ಗ್ರಂಥದೊಳಗೆ ನೇರವಾಗಿ ಆಕ್ಷೇಪಿಸಿದಳು. ಅರಸನೂ ರಾಣಿಯೂ ಗುರುವೂ ಕೇಳುತ್ತ ಕುಳಿತಿರುವಾಗ, ಊಳಿಗದವಳೊಬ್ಬಳು ತನ್ನ ಮಾತನ್ನು ಎಷ್ಟು ದೂರ ನಡೆಸಬಹುದು, ಎಲ್ಲಿ ನಿಲ್ಲಿಸಬೇಕು? ಯಾವ ಸಾಲನ್ನು ಒಡೆಯರಿಗಾಗಿ ಬರೆದಳು, ಯಾವುದನ್ನು ತನಗಾಗಿ ಬರೆದಳು? ಸಂಚಿಯ ಕೆಲಸವು ಎಷ್ಟು ಹೊತ್ತಿಗೆ ಮುಗಿಯುತ್ತಿದ್ದಿತು, ದೀಪದ ಎಣ್ಣೆಯನ್ನು ಯಾರು ಕೊಟ್ಟರು? ಇವುಗಳಿಗೆ ಶಾಸನವು ಉತ್ತರ ಕೊಡದು. ಚರಿತ್ರೆಯು ಕೈಚೆಲ್ಲಿದ ಈ ಸ್ಥಳದಲ್ಲಿ ಕಾದಂಬರಿಯು ನಿಜವಾಗಿಯೂ ಬೇಕಾಗುವುದು. ಕೋಟೆಯನ್ನು ಯಾವ ದಿನ ಹಿಡಿದರೆಂದು ಹೇಳುವುದಕ್ಕೆ ಕಾದಂಬರಿಯು ಏತಕ್ಕೆ? ಹೊನ್ನಮ್ಮನನ್ನು ಕುರಿತ ದೊಡ್ಡದೊಂದು ಕಾದಂಬರಿಯನ್ನು, ಅದರಲ್ಲಿಯೂ ಯಳಂದೂರಿನ ಹೆಣ್ಣುಮಗಳೊಬ್ಬಳು ಬರೆದುದನ್ನು, ಓದಬೇಕೆಂಬುದು ನಮ್ಮ ಬಹುಕಾಲದ ಆಸೆ.

ಹನೂರಿನ ಕಡೆಯವರು, ನಮ್ಮಲ್ಲಿ ಅರಮನೆಯೂ ಇಲ್ಲ, ಕವಯಿತ್ರಿಯೂ ಇಲ್ಲ, ಕಾಡು ಮಾತ್ರವೇ ಇದೆ ಎನ್ನಬಹುದು. ಅವರಲ್ಲಿರುವುದು ಇನ್ನೂ ಹೆಚ್ಚಿನದು. ಮಲೆಯ ಮಾದಪ್ಪನ ಕಥೆಯನ್ನು ಕಂಸಾಳೆಯವರೂ, ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಮತ್ತು ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ ರಾತ್ರಿಯೆಲ್ಲ ಹಾಡುವರು. ಅವುಗಳನ್ನು ಭಕ್ತಿಯಿಂದ ಕೇಳುವವರು ಕೇಳಲಿ. ಕಾದಂಬರಿಯ ಓದುಗರಾದ ನಾವು ಬೇರೊಂದು ಕಿವಿಯಿಂದ ಕೇಳುವೆವು. ಅಲ್ಲಿ ಒಕ್ಕಲಿಗರು, ಸೋಲಿಗರು, ಕಬ್ಬಿಣ ಕಾಯಿಸುವ ಹಲಗೂರಿನ ಪಾಂಚಾಳರು, ಕುರಿ ಕಾಯುವವರು, ಭತ್ತ ಕುಟ್ಟುವವರು ಇವರೇ ತುಂಬಿರುವರು. ಮಾದಪ್ಪನ ಕಥೆಯ ಸಂಕಮ್ಮನನ್ನೇ ನೋಡಿರಿ. ಗಂಡನಾದ ನೀಲೇಗೌಡನು ಕಾಡಿಗೆ ಹೊರಡುವಾಗ, ನಾನು ಬರುವವರೆಗೆ ತಪ್ಪು ನಡೆಯೆನೆಂದು ಕೈಮೇಲೆ ಕೈಯಿಟ್ಟು ಭಾಷೆ ಕೊಡೆಂದು ಪೀಡಿಸಿದನು. ತಾನು ತಪ್ಪು ಮಾಡಿದವಳಲ್ಲ. ಭಾಷೆ ಕೊಟ್ಟರೆ ಆ ಶಂಕೆಯನ್ನು ಒಪ್ಪಿಕೊಂಡಂತಾಗುವುದು. ಆದುದರಿಂದ ಕೊಡಲಿಲ್ಲ. ಎಷ್ಟು ಹಿಂಸೆಪಡಿಸಿದರೂ ಕೊಡಲಿಲ್ಲ. ಕೊನೆಗೆ ಕಾರಯ್ಯ ಬಿಲ್ಲಯ್ಯರೆಂಬ ಇಬ್ಬರು ಮಕ್ಕಳಿಗೆ ತಾಯಿಯಾಗಿ ಬಾಳಿದಳು. ಅರಮನೆಯ ಹೊನ್ನಮ್ಮನು ಸತಿಯ ಧರ್ಮವನ್ನು ಸಾಂಗತ್ಯದಲ್ಲಿ ಹೇಳಿದಳು; ಕಾಡಿನ ಸಂಕಮ್ಮನು ಬಲಗೈಯನ್ನು ನೀಡದೆ ಹೇಳಿದಳು. ಈ ಇಬ್ಬರನ್ನು ಎದುರುಬದುರು ಕೂರಿಸಿ ಮಾತನಾಡಿಸುವ ಲೇಖಕಿಯು ಹುಟ್ಟಿದರೆ, ಸ್ಕಾಟನ ಪುಸ್ತಕಗಳನ್ನು ನಾವು ಕೆಲವು ಕಾಲ ಮುಚ್ಚಿಡುವೆವು.

ಇನ್ನು ದಿವಾನ್ ಪೂರ್ಣಯ್ಯನವರ ವಿಷಯ. ಹೈದರನಲ್ಲಿಯೂ ಟಿಪ್ಪುವಿನಲ್ಲಿಯೂ ಸೇವೆ ಮಾಡಿ, 1799ರ ಅನಂತರ ಬಾಲಕ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯವನ್ನು ನಡೆಸಿದ ಇವರಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ದೊರೆಯಿತು. ಟಿಪ್ಪುವನ್ನು ನಾಯಕನನ್ನಾಗಿ ಮಾಡಿದ ಕಥೆಗಳಲ್ಲಿ ಪೂರ್ಣಯ್ಯನವರು ಸಂಶಯದ ಮನುಷ್ಯರು; ಒಡೆಯರ ಕಥೆಗಳಲ್ಲಿ ಮಹಾಮೇಧಾವಿಗಳು. ಮೂರು ಆಳ್ವಿಕೆಗಳಲ್ಲಿ ಲೆಕ್ಕವನ್ನು ನೋಡಿದ ಒಬ್ಬ ಮನುಷ್ಯನನ್ನು ದ್ರೋಹಿಯೆಂದೋ ಸಂತನೆಂದೋ ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೆ ತುಂಬಲೇಬೇಕೆಂಬ ಹಟವು ನಮಗೆ ಅರ್ಥವಾಗದು.

ತೀರ ಹತ್ತಿರದ ಕಾಲದ ಮಾತು ಬೇರೆ. ಸ್ಕಾಟನು ತನ್ನ ಮೊದಲನೆಯ ಕಾದಂಬರಿಯನ್ನು 1814ರಲ್ಲಿ ಪ್ರಕಟಿಸಿದಾಗ, ಇದು ಅರುವತ್ತು ವರ್ಷದ ಹಿಂದಣ ಕಥೆಯೆಂದು ಹೆಸರಿನ ಕೆಳಗೇ ಸೂಚಿಸಿದನು. ಆ ಅಂತರವು ಬಹಳ ವಿವೇಕದ್ದು. ಹನೂರು ತಾಲ್ಲೂಕಿನ ಗೋಪಿನಾಥಂ ಗ್ರಾಮದಲ್ಲಿ ಹುಟ್ಟಿ, ಆನೆಗಳನ್ನೂ ಮನುಷ್ಯರನ್ನೂ ಕೊಂದು, 2004ರಲ್ಲಿ ಪೊಲೀಸರ ಗುಂಡಿಗೆ ಸತ್ತ ವೀರಪ್ಪನನ್ನು ಕುರಿತು ಚಲನಚಿತ್ರಗಳೂ ಪುಸ್ತಕಗಳೂ ಆಗಲೇ ಬಂದಿರುವುವು. ಸತ್ತ ಅರಣ್ಯಾಧಿಕಾರಿಗಳ, ಪೊಲೀಸರ, ಎರಡು ಕಡೆಯಿಂದಲೂ ಪೆಟ್ಟು ತಿಂದ ಹಳ್ಳಿಗಳವರ ಹೆಂಡಿರು ಮಕ್ಕಳು ಇನ್ನೂ ಇದೇ ಬಸ್ಸುಗಳಲ್ಲಿ ಸಂಚರಿಸುವರು. ಅವರಲ್ಲಿ ಕೆಲವರ ಮಕ್ಕಳು ಯಾವ ಶಾಲೆಯಲ್ಲಿಯೂ ನಮ್ಮ ಮಕ್ಕಳ ಪಕ್ಕದಲ್ಲಿ ಕುಳಿತಿರಬಹುದು. ಅವರ ಗಾಯವನ್ನು ರೋಮಾಂಚಕ್ಕಾಗಿ ಕೆರೆಯುವ ಪುಸ್ತಕವನ್ನು ನಾವು ಕೊಳ್ಳುವುದಿಲ್ಲ.

ಅರುವತ್ತು ವರ್ಷ ಕಳೆದ ವಿಷಯವಾದರೋ ನಮ್ಮ ಕೈಗೆಟುಕುವಂತಿದೆ, ಮತ್ತು ಅದು ಜಾರಿಹೋಗುತ್ತಲೂ ಇದೆ. ಯಳಂದೂರಿಗೂ ಕೊಳ್ಳೇಗಾಲಕ್ಕೂ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. 1956ರವರೆಗೆ ಆ ದಾರಿಯ ನಡುವೆ ಒಂದು ಗಡಿಯಿದ್ದಿತು: ಈಚೆಗೆ ಮೈಸೂರು, ಆಚೆಗೆ ಮದ್ರಾಸು. ಒಂದೇ ಕುಲದ, ಒಂದೇ ಮಾತಿನ ಜನರು ಆ ಗಡಿಯನ್ನು ದಾಟಿ ಹೆಣ್ಣನ್ನು ಕೊಟ್ಟು ತಂದರು. ಯಳಂದೂರಿನ ಮಗಳು ಕೊಳ್ಳೇಗಾಲದ ಸೊಸೆಯಾದರೆ ಅವಳ ಜಮೀನಿನ ವ್ಯಾಜ್ಯವು ಕೊಯಮತ್ತೂರಿಗೆ ಹೋಗುತ್ತಿದ್ದಿತು, ತವರಿನ ವ್ಯಾಜ್ಯವು ಮೈಸೂರಿಗೆ. ಆ ಸೊಸೆಯಂದಿರಲ್ಲಿ ಕೆಲವರು ಈಗ ಎಂಬತ್ತು ತೊಂಬತ್ತರ ಅಜ್ಜಿಯರಾಗಿ ನಮ್ಮ ಮನೆಗಳಲ್ಲಿ ಕುಳಿತಿರುವರು. ರೇಷ್ಮೆಹುಳುವಿಗೆ ನಡುರಾತ್ರಿಯಲ್ಲಿ ಸೊಪ್ಪು ಹಾಕಿದವರು, ಮಗ್ಗದ ಗುಂಡಿಯ ಪಕ್ಕದಲ್ಲಿ ಕುಳಿತು ಲಾಳಿಗೆ ನೂಲು ಸುತ್ತಿದವರು ಅವರೇ. ಕೊಳ್ಳೇಗಾಲದ ಸೀರೆಯನ್ನು ಉಟ್ಟವರ ಹೆಸರುಗಳು ಕಾದಂಬರಿಗಳಲ್ಲಿವೆ. ನೆಯ್ದವರ ಹೆಸರುಗಳನ್ನು ಈ ಅಜ್ಜಿಯರು ಬಲ್ಲರು.

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾದವರು, ದಾದಿಯರಾದವರು, ಗೃಹಿಣಿಯರಾದವರು ಎಷ್ಟೋ ಮಂದಿಯಿರುವರು. ಅಚ್ಚುಕಟ್ಟಾಗಿ ಕನ್ನಡವನ್ನು ಬರೆಯಬಲ್ಲವರೂ ಅವರಲ್ಲಿ ಕಡಮೆಯಿಲ್ಲ. ಈ ಬೇಸಗೆಯ ರಜಾದಿನಗಳಲ್ಲಿ ಅವರು ಒಂದು ನೋಟುಬುಕ್ಕನ್ನು ತೆಗೆದುಕೊಂಡು ಆ ಅಜ್ಜಿಯರ ಬಳಿ ಕುಳಿತುಕೊಳ್ಳಲಿ. ಅರಸರ ಮಾತನ್ನು ಕೇಳಬೇಕಾಗಿಲ್ಲ. ಮದುವೆಯ ದಿಬ್ಬಣವು ಯಾವ ದಾರಿಯಲ್ಲಿ ಬಂದಿತು, ಗಾಡಿಯಲ್ಲಿ ಏನೇನಿದ್ದಿತು, ಗಡಿಯನ್ನು ದಾಟಿದುದು ತಿಳಿಯಿತೆ, ಅತ್ತೆಯ ಮನೆಯಲ್ಲಿ ಮೊದಲನೆಯ ದಿನ ಯಾವ ಮಾತು ಅರ್ಥವಾಗಲಿಲ್ಲ, ಎಂದು ಕೇಳಲಿ. ಅವರು ಹೇಳಿದುದನ್ನು ತಿದ್ದದೆ, ಅವರ ಮಾತಿನಲ್ಲಿಯೇ, ತಾರೀಖು ಹಾಕಿ ಬರೆದುಕೊಳ್ಳಲಿ.